ಹೂಡಿಕೆ ಸಾಫ್ಟ್‌ವೇರ್‌ನಲ್ಲಿ ನಮ್ಮದೇ ಪ್ರಾಪರ್ಟಿಗಳು: ಎಸ್‌ಕ್ಯೂಎಲ್ ಹಿಡಿದು ಕೂರುವ ಮೊದಲು, ಕೂತ ಮೇಲೆ

ಕಾಸರಗೋಡಿನ ಮ್ಯೂಚುವಲ್ ಫಂಡ್ ಕಚೇರಿಯಲ್ಲಿ ಯಾವ ಸಾಫ್ಟ್‌ವೇರ್ ಇದ್ದರೂ ಹೆಸರು, ಪ್ಯಾನ್, ಫೋಲಿಯೊ (ಹೂಡಿಕೆಯ ಖಾತೆ ಸಂಖ್ಯೆ), ಯೂನಿಟ್, ಎನ್‌ಎವಿ (ಒಂದು ಯೂನಿಟ್‌ನ ಆ ದಿನದ ಮೌಲ್ಯ) ಎಲ್ಲ ಅದರಲ್ಲಿ ಇರುತ್ತವೆ. ಇಲ್ಲದಿರುವುದು ಇಲ್ಲಿಯ ಕೆಲಸಕ್ಕೆ ದಿನಾ ಬೇಕಾಗುವ ಸಂಗತಿಗಳು. ಉಪ್ಪಳದ ಈ ಮನೆಗೆ ಪತ್ರ ಕನ್ನಡದಲ್ಲಿ ಹೋಗಬೇಕೋ, ಮಲಯಾಳದಲ್ಲೋ, ಇಂಗ್ಲಿಷಿನಲ್ಲೋ? ದುಬೈಯಲ್ಲಿದ್ದ ಮಗ ಊರಿಗೆ ಬಂದು ನೆಲೆಸಿದ್ದಾರೋ, ಇನ್ನೂ ಎನ್‌ಆರ್‌ಐಯೋ? ಪೆರ್ಲದ ಅಡಿಕೆ ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡುವ ತಿಂಗಳು ಯಾವುದು?

ಇವನ್ನು ಸಾಮಾನ್ಯವಾಗಿ ರಿಮಾರ್ಕ್ಸ್ ಕಾಲಂನಲ್ಲಿ ತುರುಕುತ್ತಾರೆ, ಇಲ್ಲವೇ ಪಕ್ಕದಲ್ಲೊಂದು ಎಕ್ಸೆಲ್ ಇಡುತ್ತಾರೆ. ರಿಮಾರ್ಕ್ಸ್‌ನಲ್ಲಿ ಹಾಕಿದ್ದನ್ನು ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಸರಿಯಾಗಿ ಹುಡುಕಲಾಗದು. ಎಕ್ಸೆಲ್ ಎರಡು ವಾರದಲ್ಲಿ ಹಿಂದೆ ಬೀಳುತ್ತದೆ. ಮೂರನೆಯ ದಾರಿ ಪ್ರಾಪರ್ಟಿ ಡೆಫಿನಿಷನ್. ಪ್ರಾಪರ್ಟಿ ಎಂದರೆ ಇಲ್ಲಿ ಜಾಗ ಅಲ್ಲ, ಹೂಡಿಕೆದಾರರಿಗೋ ಫಂಡಿಗೋ ನಾವು ಅಂಟಿಸುವ ಒಂದು ಗುಣ. ಆ ಗುಣದ ಹೆಸರೇನು, ಅದರಲ್ಲಿ ಎಂಥ ಬೆಲೆ (ದುಡ್ಡಿನ ಬೆಲೆಯಲ್ಲ, ತುಂಬುವ ವ್ಯಾಲ್ಯೂ) ಕೂರಬೇಕು, ಅದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆಯೇ, ಒಬ್ಬರಿಗೆ ಒಂದೇ ಇರಬೇಕೇ ಹಲವು ಇರಬಹುದೇ ಎಂದು ಬೆಲೆ ಬರೆಯುವ ಮೊದಲೇ ನಿಗದಿ ಮಾಡುವುದು ಡೆಫಿನಿಷನ್. ಬೆಲೆಗಳು ತುಂಬಿದ ಮೇಲೆ ಈ ನಾಲ್ಕರಲ್ಲಿ ಯಾವುದನ್ನು ತಿದ್ದಲು ಹೋದರೂ ಹಳೆಯ ರಿಪೋರ್ಟುಗಳ ಬುಡ ಅಲ್ಲಾಡುತ್ತದೆ. ಆದ್ದರಿಂದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಬರೆಯುವ ಅರ್ಧ ಗಂಟೆಗಿಂತ, ಕಾಗದದ ಮೇಲೆ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆಯುವ ಅರ್ಧ ಗಂಟೆಯ ಬೆಲೆ ಹೆಚ್ಚು.

ದೊಡ್ಡ ಸಂಸ್ಥೆಗಳು ಬಳಸುವ ಫಿನ್‌ಬೋರ್ನ್‌ನ ಲೂಸಿಡ್‌ನಂಥ ವ್ಯವಸ್ಥೆಯಲ್ಲೂ ಚೌಕಟ್ಟು ಇದೇ. ಅಲ್ಲಿ ಪ್ರಾಪರ್ಟಿಯ ಕೀ ಎಂದರೆ ಡೊಮೇನ್ (ಗುಣ ಯಾರಿಗೆ ಅಂಟುತ್ತದೆ), ಸ್ಕೋಪ್ (ಯಾವ ವಿಭಾಗದವರದು), ಕೋಡ್ (ಗುಣದ ಗುರುತು) ಎಂಬ ಮೂರು ತುಂಡು. ಎಂದಿಗೂ ಬದಲಾಗದ್ದು ಪೆರೆನಿಯಲ್, ಕಾಲಕ್ಕೆ ತಕ್ಕಂತೆ ಬದಲಾಗುವಂಥದ್ದು ಟೈಮ್ ವೇರಿಯಂಟ್. ಇದೇ ಅಚ್ಚನ್ನು ಸಣ್ಣ ಕಚೇರಿಯ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೂ ಎರಕ ಹೊಯ್ಯಬಹುದು. ಕೆಳಗಿನ ವಿವರಗಳು ಪೋಸ್ಟ್‌ಗ್ರೆಸ್‌ನವು. ಎಸ್‌ಕ್ಯೂಎಲೈಟ್ ಎಂಬ ಇನ್ನೊಂದು ಸಣ್ಣ ಡೇಟಾಬೇಸ್ ಬೇರೆಯಾಗುವಲ್ಲಿ ಹೇಳಿದ್ದೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಟೇಬಲ್ ಎರಡು. ಡೆಫಿನಿಷನ್ ಟೇಬಲ್‌ನಲ್ಲಿ ಡೊಮೇನ್, ಸ್ಕೋಪ್, ಕೋಡ್ ಮೂರೂ ಸೇರಿ ಪ್ರೈಮರಿ ಕೀ, ಅಂದರೆ ಎರಡು ಸಾಲಿಗೆ ಒಂದೇ ಇರಬಾರದ ಗುರುತು. ಜೊತೆಗೆ ತೋರಿಸುವ ಹೆಸರು, ಡೇಟಾ ಟೈಪ್, ಯೂನಿಟ್ (ಶೇಕಡಾವೋ ರೂಪಾಯಿಯೋ), ಬದಲಾಗುವುದೇ ಎಂಬ ಗುರುತು, ಒಂದೇ ಅಥವಾ ಹಲವು ಎಂಬ ಗುರುತು, ಚಾಲ್ತಿಯಲ್ಲಿದೆಯೇ ಎಂಬ ಸ್ಥಿತಿ. ವ್ಯಾಲ್ಯೂ ಟೇಬಲ್‌ನಲ್ಲಿ ಯಾರದು ಎಂಬ ಐಡಿ, ಡೆಫಿನಿಷನ್‌ಗೆ ತೋರಿಸುವ ಫಾರಿನ್ ಕೀ, ಬೆಲೆಗೆ ಮೂರು ಕಾಲಂ (ಪಠ್ಯ, ಸಂಖ್ಯೆ, ತಾರೀಕು), 'ಇಂದ', 'ವರೆಗೆ', ದಾಖಲಾದ ಸಮಯ, ರದ್ದಾದ ಸಮಯ. ಮೂರು ಬೆಲೆ ಕಾಲಂಗಳಲ್ಲಿ ಸರಿಯಾಗಿ ಒಂದು ಮಾತ್ರ ತುಂಬಿರಬೇಕು ಎಂಬ ಚೆಕ್ ಕನ್‌ಸ್ಟ್ರೇಂಟ್ ಹಾಕಿ: ನಮ್_ನಾನ್‌ನಲ್ಸ್(ಪಠ್ಯ, ಸಂಖ್ಯೆ, ತಾರೀಕು) = 1. ಎಸ್‌ಕ್ಯೂಎಲೈಟ್ ಬಳಸುವವರು ಗಮನಿಸಿ, ಅದರಲ್ಲಿ ಫಾರಿನ್ ಕೀ ತಪಾಸಣೆ ಡಿಫಾಲ್ಟ್ ಆಗಿ ಆಫ್. ಪ್ರತಿ ಕನೆಕ್ಷನ್‌ನಲ್ಲೂ 'ಪ್ರಾಗ್ಮಾ ಫಾರಿನ್_ಕೀಸ್ = ಆನ್' ಕೊಡದಿದ್ದರೆ ಡೆಫಿನಿಷನ್ ಇಲ್ಲದ ಬೆಲೆಗಳು ಸದ್ದಿಲ್ಲದೆ ಒಳಗೆ ಬರುತ್ತವೆ. ಸಂಖ್ಯೆಯ ಕಾಲಂನಲ್ಲಿ ಪಠ್ಯವೂ ಕೂರುತ್ತದೆ. 2021ರ 3.37 ಆವೃತ್ತಿಯಿಂದ ಟೇಬಲ್ ಕೊನೆಗೆ 'ಸ್ಟ್ರಿಕ್ಟ್' ಎಂದು ಬರೆದರೆ ಅದು ನಿಲ್ಲುತ್ತದೆ.

ಕೋಡ್ ಶಾಶ್ವತ, ತೋರಿಸುವ ಹೆಸರು ಬದಲಾಗಬಹುದು. ಕೋಡ್ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರದಲ್ಲಿರಲಿ. 'ಪತ್ರದ ಭಾಷೆ' ಎಂಬ ಕನ್ನಡ ಹೆಸರು ತೋರಿಸುವ ಹೆಸರಿನ ಕಾಲಂನಲ್ಲಿರಲಿ. ಕೋಡ್‌ನೊಳಗೆ ವರ್ಷ ಬೇಡ. 'ರಿಸ್ಕ್2024' ಎಂದು ಹುಟ್ಟಿಸಿದರೆ ಮುಂದಿನ ವರ್ಷ ಇನ್ನೊಂದು ಹುಟ್ಟುತ್ತದೆ, ಐದು ವರ್ಷಕ್ಕೆ ಐದು ಪ್ರಾಪರ್ಟಿ. ಹೊಸದನ್ನು ಸೇರಿಸುವ ಮೊದಲು ಅದೇ ಬೇರೆ ವೇಷದಲ್ಲಿ ಇದೆಯೇ ಎಂದು ನೋಡಲು ಈ ಕ್ವೆರಿ ಸಾಕು:

ಸೆಲೆಕ್ಟ್ ಡೊಮೇನ್, ರಿಪ್ಲೇಸ್(ಲೋವರ್(ಟ್ರಿಮ್(ಕೋಡ್)), '_', ''), ಕೌಂಟ್(*) ಫ್ರಮ್ ಡೆಫಿನಿಷನ್ ಗ್ರೂಪ್ ಬೈ 1, 2 ಹ್ಯಾವಿಂಗ್ ಕೌಂಟ್(*) > 1;

ಸ್ಕೋಪನ್ನು ಇಲ್ಲಿ ಬೇಕೆಂದೇ ಬಿಟ್ಟಿದೆ. ಒಂದೇ ಪ್ರಾಪರ್ಟಿ ಎರಡು ಸ್ಕೋಪ್‌ನಲ್ಲಿ ಹುಟ್ಟುವುದೇ ಹೆಚ್ಚು: ಕಚೇರಿಯವರು ಒಂದು ಮಾಡಿರುತ್ತಾರೆ, ತೆರಿಗೆ ನೋಡುವವರು ಇನ್ನೊಂದು.

ಡೊಮೇನ್ ಆರಿಸುವುದು, ಅಂದರೆ ಗುಣ ಯಾರಿಗೆ ಅಂಟಬೇಕು ಎನ್ನುವುದು, ಸುಲಭವೆಂದು ತೋರುತ್ತದೆ. ತೆರಿಗೆ ಬಂದಾಗ ಎಡವುತ್ತೇವೆ. 'ತೆರಿಗೆ ದರ' ಎಂಬ ಪ್ರಾಪರ್ಟಿಯನ್ನು ಫಂಡಿಗೆ ಹಾಕಿದವರಿಗೆ 2024 ಜುಲೈ 23ರಂದು ಎಲ್ಲ ಈಕ್ವಿಟಿ ಫಂಡಿನ ಸಾಲೂ ತಿದ್ದುವ ಕೆಲಸ ಬಂತು: ದೀರ್ಘಾವಧಿ ಲಾಭಕ್ಕೆ ಶೇ. 10 ಇದ್ದದ್ದು 12.5, ಅಲ್ಪಾವಧಿಗೆ 15 ಇದ್ದದ್ದು 20. ಫಂಡಿಗೆ ಅಂಟಬೇಕಾದದ್ದು 'ತೆರಿಗೆ ವರ್ಗ' ಮಾತ್ರ. ದರ ಬೇರೆ ಟೇಬಲ್‌ನಲ್ಲಿ ತಾರೀಕಿನ ಜೊತೆ ಇದ್ದರೆ ಒಂದು ಸಾಲು ಸೇರಿಸಿ ಮುಗಿಯುತ್ತದೆ. ಡೆಟ್ ಫಂಡಿನಲ್ಲಿ ಇನ್ನೂ ಒಳಗೆ ಹೋಗಬೇಕು. 2023 ಏಪ್ರಿಲ್ 1ರಿಂದ ಕೊಂಡ ಯೂನಿಟ್‌ಗೆ, ಎಷ್ಟು ವರ್ಷ ಇಟ್ಟುಕೊಂಡರೂ, ಸ್ಲಾಬ್ ದರ. ಅದಕ್ಕೆ ಮೊದಲು ಕೊಂಡದ್ದಕ್ಕೆ ಬೇರೆ ಲೆಕ್ಕ. ಫಂಡ್ ಒಂದೇ, ಫೋಲಿಯೊ ಒಂದೇ, ಆದರೆ ಗುಣ ಎರಡು. ಇಂಥದ್ದು ಫಂಡಿಗೂ ಅಂಟುವುದಿಲ್ಲ, ಹೂಡಿಕೆದಾರರಿಗೂ ಅಂಟುವುದಿಲ್ಲ. ಖರೀದಿಯ ಲಾಟ್‌ಗೆ, ಅಂದರೆ ಒಂದು ಸಲಕ್ಕೆ ಕೊಂಡ ಯೂನಿಟ್‌ಗಳ ಗುಂಪಿಗೆ, ಅಂಟಬೇಕು. ಇದಕ್ಕೆ ಎದುರಾಗಿ, ಈಕ್ವಿಟಿ ಫಂಡಿನ ಹಳೆಯ ಯೂನಿಟ್‌ಗಳ ಲಾಭದ ಲೆಕ್ಕಕ್ಕೆ ಬೇಕಾಗುವ 2018 ಜನವರಿ 31ರ ಎನ್‌ಎವಿ ಫಂಡಿಗೇ ಸೇರಿದ್ದು, ಎಂದೂ ಬದಲಾಗದ್ದು, ಸಂಖ್ಯೆ. ಪೆರೆನಿಯಲ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಡೇಟಾ ಟೈಪ್ ಬಗ್ಗೆ ಒಂದೇ ನಿಯಮ: ಕೂಡಿಸಿ ಕಳೆಯಲು ಅರ್ಥವಿಲ್ಲದ ಅಂಕಿ ಪಠ್ಯವೇ. ಫೋಲಿಯೊ, ಆಂಫಿಯ (ಮ್ಯೂಚುವಲ್ ಫಂಡ್ ಸಂಸ್ಥೆಗಳ ಸಂಘದ) ಸ್ಕೀಮ್ ಕೋಡ್, ಪಿನ್‌ಕೋಡ್ ಎಲ್ಲ ಪಠ್ಯ. ಫೋಲಿಯೊ ಎಕ್ಸೆಲ್ ಮೂಲಕ ಹಾದು ಬಂದರೆ ಮುಂದಿನ ಸೊನ್ನೆ ಹೋಗುತ್ತದೆ, 15 ಅಂಕಿಗಿಂತ ಉದ್ದವಿದ್ದರೆ ಕೊನೆಯವು ಸೊನ್ನೆಯಾಗುತ್ತವೆ. ಎಕ್ಸ್‌ಪೆನ್ಸ್ ರೇಶಿಯೊದಂಥ ಶೇಕಡಾ ಬೆಲೆಯಲ್ಲಿ ಒಬ್ಬರು 0.75 ಎಂದು, ಇನ್ನೊಬ್ಬರು 0.0075 ಎಂದು ತುಂಬುತ್ತಾರೆ. ಎರಡೂ ಸಂಖ್ಯೆಯೇ ಆದ್ದರಿಂದ ಡೇಟಾಬೇಸ್ ತಕರಾರು ಮಾಡುವುದಿಲ್ಲ. ಯೂನಿಟ್ ಕಾಲಂ ಇರುವುದು ಇದಕ್ಕೇ. ತಾರೀಕಂತೂ '03-04-2025' ಎಂದು ಬಂದರೆ ಸರ್ವರಿನ ಡೇಟ್‌ಸ್ಟೈಲ್ ಪ್ರಕಾರ ಏಪ್ರಿಲ್ 3 ಆಗಬಹುದು, ಮಾರ್ಚ್ 4 ಆಗಬಹುದು. ನೇರ ಕಾಸ್ಟ್ ಮಾಡದೆ ಟು_ಡೇಟ್‌ಗೆ 'ಡಿಡಿ-ಎಂಎಂ-ವೈವೈವೈವೈ' ಎಂಬ ಅಚ್ಚು ಕೊಡಿ. ಏಪ್ರಿಲ್‌ನ ಮೊದಲ ಮೂರು ದಿನಗಳ ತಾರೀಕಿನಲ್ಲಿ ಈ ತಪ್ಪಾದರೆ ಹಣಕಾಸು ವರ್ಷವೇ ಬದಲಾಗುತ್ತದೆ.

ಪಠ್ಯದ ಬೆಲೆಯಲ್ಲಿ ಕನ್ನಡ ಬರೆಯುವವರು ಇನ್ನೊಂದು ಸಂಗತಿ ತಿಳಿದಿರಲೇಬೇಕು, ಏಕೆಂದರೆ ಪರದೆಯ ಮೇಲೆ ಅದು ಕಾಣುವುದೇ ಇಲ್ಲ. 'ಕಾಸರಗೋಡು' ಎಂಬ ಪದವನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕೀಬೋರ್ಡಿನಲ್ಲಿ ಹೊಡೆದರೆ ಅದರಲ್ಲಿ ಯೂನಿಕೋಡ್ ಪ್ರಕಾರ 8 ಸಂಕೇತ: ಕ, ದೀರ್ಘ, ಸ, ರ, ಗ, ಓತ್ವ, ಡ, ಕೊಂಬು. ಆದರೆ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ದೀರ್ಘದ ಕೊಂಬು, ಕೊನೆಯ ದೀರ್ಘ ಚಿಹ್ನೆ ಎಂದು ಮೂರಾಗಿ ಒಡೆದೂ ಬರೆಯಬಹುದು. ಹಾಗೆ ಒಡೆದು ಬಂದ 'ಕಾಸರಗೋಡು' 10 ಸಂಕೇತ. ಯುಟಿಎಫ್-8ರಲ್ಲಿ ಒಂದು 24 ಬೈಟ್, ಇನ್ನೊಂದು 30. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಎರಡು ಬೇರೆ ಊರು. 'ವೇರ್ ಊರು = ಕಾಸರಗೋಡು' ಎಂದು ಕೇಳಿದರೆ ಅರ್ಧ ಜನ ಬರುತ್ತಾರೆ, ಇನ್ನರ್ಧ ಬರುವುದಿಲ್ಲ, ಏಕೆ ಎಂದು ಯಾರಿಗೂ ತಿಳಿಯುವುದಿಲ್ಲ. ಅನುಮಾನ ಬಂದ ಕೂಡಲೇ ಹೀಗೆ ನೋಡಿ:

ಸೆಲೆಕ್ಟ್ ಪಠ್ಯ, ಲೆಂತ್(ಪಠ್ಯ), ಕೌಂಟ್(*) ಫ್ರಮ್ ವ್ಯಾಲ್ಯೂ ವೇರ್ ಕೋಡ್ = 'ಊರು' ಗ್ರೂಪ್ ಬೈ 1, 2 ಆರ್ಡರ್ ಬೈ 1, 2;

ಒಂದೇ ಹೆಸರು ಎರಡು ಉದ್ದದಲ್ಲಿ ಬಂದರೆ ಕಾರಣ ಇದೇ, ಇಲ್ಲವೇ ನಡುವೆ ಕಾಣದ ಜ಼ೀರೋ ವಿಡ್ತ್ ಜಾಯ್ನರ್, ನಾನ್‌ಜಾಯ್ನರ್ ಕೂತಿರುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಜ಼್ ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ರೂಪ ಕೊಟ್ಟರೆ ಒಡೆದ ಓತ್ವ ಕೂಡಿಕೊಳ್ಳುತ್ತದೆ. ಒಳಗೆ ಬರುವಾಗಲೇ ನಾರ್ಮಲೈಜ಼್ ಮಾಡಿ, ಬಂದ ಮೇಲೆ ಅಲ್ಲ. ಜಾಯ್ನರ್‌ಗಳನ್ನು ಅದು ತೆಗೆಯುವುದಿಲ್ಲ; ಅದಕ್ಕೆ ಬೇರೆ ರಿಪ್ಲೇಸ್ ಬೇಕು. ಮಲಯಾಳದ ಚಿಲ್ಲು ಅಕ್ಷರಗಳಲ್ಲಂತೂ ನಾರ್ಮಲೈಜ಼್ ಕೆಲಸಕ್ಕೇ ಬಾರದು. ಹಳೆಯ ರೀತಿಯಲ್ಲಿ ವ್ಯಂಜನ, ಚಂದ್ರಕ್ಕಲ, ಜಾಯ್ನರ್ ಸೇರಿ ಚಿಲ್ಲು ಆಗುತ್ತಿತ್ತು. 2008ರ ಯೂನಿಕೋಡ್ 5.1ರಿಂದ ಅದಕ್ಕೆ ಸ್ವಂತ ಸಂಕೇತ ಬಂತು. ಇವೆರಡನ್ನೂ ಯೂನಿಕೋಡ್ ಸಮ ಎಂದು ಪರಿಗಣಿಸುವುದಿಲ್ಲ. ಎರಡು ಲಿಪಿಯ ಹೆಸರು ಇಡುವ ನಮ್ಮ ಕಡೆಯ ಕಚೇರಿಗಳಿಗೆ ನನ್ನ ಸಲಹೆ ಇಷ್ಟೇ: ಊರು, ಭಾಷೆ, ವರ್ಗ ಇಂಥವುಗಳಲ್ಲಿ ಕನ್ನಡ, ಮಲಯಾಳ ಪಠ್ಯವನ್ನು ಬೆಲೆಯಾಗಿ ಇಡಲೇಬೇಡಿ. ಬೆಲೆ ಒಂದು ಸಣ್ಣ ಕೋಡ್ ಆಗಿರಲಿ, ತೋರಿಸುವ ಪಠ್ಯ ಎರಡೂ ಲಿಪಿಯಲ್ಲಿ ಅನುಮತಿಸಿದ ಬೆಲೆಗಳ ಟೇಬಲ್‌ನಲ್ಲಿರಲಿ. ಕುಂಬಳೆಯನ್ನು ಕುಂಬ್ಳೆ, ಕುಂಬಳ ಎಂದು ಮೂರು ಬಗೆಯಲ್ಲಿ ಬರೆಯುವ ಕಾಟವೂ ಅದರೊಟ್ಟಿಗೆ ಹೋಗುತ್ತದೆ. ಕನ್ನಡ ಅಂಕಿಯಲ್ಲಿ '೧೨' ಎಂದು ಬಂದ ಬೆಲೆ ಸಂಖ್ಯೆಯಾಗಿ ಪರಿವರ್ತನೆ ಆಗುವುದಿಲ್ಲ ಎಂಬುದೂ ನೆನಪಿರಲಿ.

ಅನುಮತಿಸಿದ ಬೆಲೆಗಳ ಟೇಬಲ್‌ನಲ್ಲಿ ಕ್ರಮಸಂಖ್ಯೆಯ ಕಾಲಂ ಒಂದು ಇರಬೇಕು. ಫಂಡಿನ ಅಪಾಯ ತೋರಿಸುವ ರಿಸ್ಕೋಮೀಟರ್‌ನಲ್ಲಿ ಆರು ಹಂತ: ಲೋ, ಲೋ ಟು ಮಾಡರೇಟ್, ಮಾಡರೇಟ್, ಮಾಡರೇಟ್ಲಿ ಹೈ, ಹೈ, ವೆರಿ ಹೈ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ವಿಂಗಡಿಸಿದರೆ 'ಹೈ' ಎಲ್ಲಕ್ಕಿಂತ ಮೇಲೆ, 'ಲೋ' ಅದರ ಕೆಳಗೆ. ಮ್ಯಾಕ್ಸ್ ಕೇಳಿದರೆ ಉತ್ತರ ಸರಿ ಬರುತ್ತದೆ, ಮಿನ್ ಕೇಳಿದರೆ 'ಹೈ' ಬರುತ್ತದೆ. ಅರ್ಧ ಸರಿ ಬರುವ ತಪ್ಪು ಪೂರ್ತಿ ತಪ್ಪಿಗಿಂತ ಕೆಟ್ಟದ್ದು.

ಈಗ ಕಾಲದ ಪ್ರಶ್ನೆ. ನಾಲ್ಕರಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ರಿಸ್ಕೋಮೀಟರ್ 2021 ಜನವರಿ 1ರಿಂದ ಪ್ರತಿ ತಿಂಗಳೂ ಹೊಸದಾಗಿ ಅಳೆಯುವಂಥದ್ದು, ಮುಂಚಿನ ಹಾಗೆ ಫಂಡಿನ ಜಾತಿ ನೋಡಿ ಒಮ್ಮೆ ಕೊಡುವುದಲ್ಲ. ಕಂಪನಿಯ ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್ ವರ್ಗವೂ ಹಾಗೆಯೇ: ಮಾರುಕಟ್ಟೆ ಮೌಲ್ಯದಲ್ಲಿ 1ರಿಂದ 100 ಲಾರ್ಜ್, 101ರಿಂದ 250 ಮಿಡ್, 251ರಿಂದ ಮುಂದೆ ಸ್ಮಾಲ್, ಆಂಫಿ ಆರು ತಿಂಗಳಿಗೊಮ್ಮೆ ಪಟ್ಟಿ ಹೊಸದು ಮಾಡುತ್ತದೆ. ನಮ್ಮ ಜಿಲ್ಲೆಗೆ ಇವಕ್ಕಿಂತ ಹತ್ತಿರದ್ದು ಹೂಡಿಕೆದಾರರ ನಿವಾಸ ಸ್ಥಿತಿ. ಎನ್‌ಆರ್‌ಐ ಯೂನಿಟ್ ಮಾರಿದರೆ ಲಾಭದ ಮೇಲೆ ಟಿಡಿಎಸ್ ಹಿಡಿದೇ ಹಣ ಬರುತ್ತದೆ. ನಿವಾಸಿಗೆ ಬಂಡವಾಳ ಲಾಭದ ಮೇಲೆ ಹಾಗೆ ಹಿಡಿಯುವುದಿಲ್ಲ. ಇದನ್ನು ಪೆರೆನಿಯಲ್ ಎಂದು ಡಿಫೈನ್ ಮಾಡಿ, ಮಗ ಗಲ್ಫಿನಿಂದ ಬಂದಾಗ ಬೆಲೆಯನ್ನು 'ನಿವಾಸಿ' ಎಂದು ತಿದ್ದಿದರೆ, ಹಿಂದಿನ ಮೂರು ವರ್ಷದ ಮಾರಾಟಗಳೆಲ್ಲ ರಿಪೋರ್ಟಿನಲ್ಲಿ ನಿವಾಸಿಯ ಮಾರಾಟಗಳಾಗುತ್ತವೆ. ಟಿಡಿಎಸ್ ಮೊತ್ತ ಮಾತ್ರ ಯಾವ ಲೆಕ್ಕಕ್ಕೂ ಹೊಂದದೆ ಉಳಿಯುತ್ತದೆ.

'ಇಂದ', 'ವರೆಗೆ' ಇಡುವಾಗ 'ವರೆಗೆ' ತಾರೀಕು ಒಳಗೆ ಸೇರದ ಹಾಗೆ ಇಡಿ. ಹಳೆಯ ಸಾಲಿನ 'ವರೆಗೆ'ಯೂ ಹೊಸ ಸಾಲಿನ 'ಇಂದ'ವೂ ಒಂದೇ ತಾರೀಕು. ಇನ್ನೂ ಮುಗಿಯದ ಅವಧಿಗೆ 'ವರೆಗೆ' ನಲ್, ಅಂದರೆ ಖಾಲಿ. ಹುಡುಕುವಾಗ 'ಇಂದ <= ಆ ದಿನ ಮತ್ತು (ವರೆಗೆ ಈಸ್ ನಲ್ ಅಥವಾ ಆ ದಿನ < ವರೆಗೆ)'. ಇಲ್ಲಿ ಬಿಟ್ವೀನ್ ಬಳಸಿದರೆ ಬದಲಾದ ದಿನಕ್ಕೆ ಎರಡು ಸಾಲು ಬಂದು, ಜಾಯಿನ್‌ನಲ್ಲಿ ಆ ದಿನದ ವ್ಯವಹಾರ ಇಮ್ಮಡಿಯಾಗುತ್ತದೆ. ಎರಡು ಅವಧಿ ಒಂದರ ಮೇಲೊಂದು ಬೀಳದ ಹಾಗೆ ತಡೆಯಲು ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಇದೆ: ಐಡಿ ಮತ್ತು ಕೀ ಸಮವಾಗಿದ್ದು ಡೇಟ್‌ರೇಂಜ್‌ಗಳು ಒಂದರ ಮೇಲೊಂದು ಬಿದ್ದರೆ ಒಳಗೆ ಬಿಡಬೇಡ ಎಂದು ಹೇಳುವುದು. ಮೊದಲು ಬಿಟ್ರೀ_ಜಿಸ್ಟ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಹಲವು ಬೆಲೆ ಇರಬಹುದಾದ ಪ್ರಾಪರ್ಟಿಗೆ ಬೆಲೆಯನ್ನೂ ಆ ಸಮತೆಯಲ್ಲಿ ಸೇರಿಸಿ.

ಇದರ ಜೊತೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ, ನಮಗೆ ಯಾವಾಗ ಗೊತ್ತಾಯಿತು ಎಂಬುದು. ಮಾರ್ಚ್ 31ರ ರಿಸ್ಕೋಮೀಟರ್ ಏಪ್ರಿಲ್ 9ಕ್ಕೆ ನಮ್ಮ ಡೇಟಾಬೇಸಿಗೆ ಬಂತು ಎನ್ನಿ. ಏಪ್ರಿಲ್ 5ಕ್ಕೆ ಗ್ರಾಹಕರಿಗೆ ಕೊಟ್ಟ ಪತ್ರದಲ್ಲಿ ಹಳೆಯ ಹಂತವೇ ಇತ್ತು, ಆ ದಿನಕ್ಕೆ ಅದು ತಪ್ಪಲ್ಲ. ಆರು ತಿಂಗಳ ನಂತರ 'ನೀವು ಕೊಟ್ಟ ಕಾಗದದಲ್ಲಿ ಬೇರೆ ಇದೆಯಲ್ಲ' ಎಂದು ಯಾರಾದರೂ ಕೇಳಿದರೆ ಅದೇ ಕಾಗದ ಮತ್ತೆ ಹುಟ್ಟಬೇಕು. ದಾಖಲಾದ ಸಮಯ, ರದ್ದಾದ ಸಮಯ ಇರುವುದು ಇದಕ್ಕೆ. ಇದ್ದ ಸಾಲಿನ ಬೆಲೆಯನ್ನು ಅಪ್‌ಡೇಟ್ ಮಾಡಬೇಡಿ. ಹಳೆಯ ಸಾಲಿಗೆ ರದ್ದಾದ ಸಮಯ ತುಂಬಿ, ಅದನ್ನೇ 'ವರೆಗೆ' ತಾರೀಕಿನೊಂದಿಗೆ ಮತ್ತೆ ಬರೆದು, ಹೊಸ ಬೆಲೆಯ ಸಾಲು ಹಾಕಿ. ಒಂದು ರದ್ದು, ಎರಡು ಇನ್ಸರ್ಟ್, ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್‌ಗೆ 'ವೇರ್ ರದ್ದಾದ_ಸಮಯ ಈಸ್ ನಲ್' ಎಂಬ ಷರತ್ತು ಬೇಕಾಗುವುದೂ ಇದರಿಂದಲೇ, ಇಲ್ಲದಿದ್ದರೆ ರದ್ದಾದ ಸಾಲೇ ಹೊಸದಕ್ಕೆ ಅಡ್ಡ ಬರುತ್ತದೆ.

ಓದುವ ಕ್ವೆರಿಗಳಲ್ಲಿ ಎಡವುವ ಜಾಗ ಹೆಚ್ಚಿಲ್ಲ, ಆದರೆ ಎಲ್ಲರೂ ಅಲ್ಲಿಯೇ ಎಡವುತ್ತಾರೆ. ಹೂಡಿಕೆದಾರರ ಪಟ್ಟಿಗೆ 'ಪತ್ರದ ಭಾಷೆ'ಯನ್ನು ಲೆಫ್ಟ್ ಜಾಯಿನ್ ಮಾಡಿ, ಕೆಳಗೆ 'ವೇರ್ ವ್ಯಾಲ್ಯೂ.ಕೋಡ್ = ಭಾಷೆ' ಎಂದು ಬರೆದ ಕೂಡಲೇ ಅದು ಲೆಫ್ಟ್ ಜಾಯಿನ್ ಆಗಿ ಉಳಿಯುವುದಿಲ್ಲ. ಭಾಷೆ ದಾಖಲಾಗದವರು ಪಟ್ಟಿಯಿಂದಲೇ ಮಾಯ, ಅವರಿಗೆ ಯಾವ ಭಾಷೆಯ ಪತ್ರವೂ ಹೋಗುವುದಿಲ್ಲ. ಕೋಡ್, ಅವಧಿ, ರದ್ದು ಈ ಮೂರೂ ಷರತ್ತು ಆನ್ ಭಾಗದೊಳಗೆ ಇರಬೇಕು. 'ಮಲಯಾಳ ಬೇಡದವರು' ಎಂದು '<>' ಹಾಕಿ ಕೇಳಿದರೂ ಬೆಲೆ ಇಲ್ಲದವರು ಬಿಟ್ಟುಹೋಗುತ್ತಾರೆ. 'ಈಸ್ ಡಿಸ್ಟಿಂಕ್ಟ್ ಫ್ರಮ್' ಬಳಸಿ. ಹಲವು ಪ್ರಾಪರ್ಟಿಗಳನ್ನು ಅಕ್ಕಪಕ್ಕ ಕಾಲಂ ಮಾಡಲು ಹತ್ತು ಜಾಯಿನ್ ಬೇಡ:

ಸೆಲೆಕ್ಟ್ ಐಡಿ, ಮ್ಯಾಕ್ಸ್(ಪಠ್ಯ) ಫಿಲ್ಟರ್ (ವೇರ್ ಕೋಡ್ = 'ಭಾಷೆ'), ಮ್ಯಾಕ್ಸ್(ಪಠ್ಯ) ಫಿಲ್ಟರ್ (ವೇರ್ ಕೋಡ್ = 'ನಿವಾಸ') ಫ್ರಮ್ ಈಗಿನ_ವ್ಯಾಲ್ಯೂ ಗ್ರೂಪ್ ಬೈ ಐಡಿ;

'ಈಗಿನ_ವ್ಯಾಲ್ಯೂ' ಒಂದು ವ್ಯೂ, ಅಂದರೆ ಹೆಸರಿಟ್ಟು ಉಳಿಸಿದ ಕ್ವೆರಿ. ಅವಧಿ, ರದ್ದು ಷರತ್ತುಗಳು ಅದರೊಳಗೆ ಒಮ್ಮೆ ಬರೆದಿರಲಿ. ಇಲ್ಲಿ ಮ್ಯಾಕ್ಸ್ ಒಂದೇ ಬೆಲೆಯನ್ನು ಎತ್ತಿಕೊಡುವ ಉಪಾಯ ಅಷ್ಟೆ. ಹಲವು ಬೆಲೆಯ ಪ್ರಾಪರ್ಟಿಗೆ ಸ್ಟ್ರಿಂಗ್_ಅಗ್ ಬೇಕು, ಇಲ್ಲದಿದ್ದರೆ ಉಳಿದವು ಕಾಣದೆ ಹೋಗುತ್ತವೆ.

ಟೈಪ್ ತಪ್ಪಿದ್ದು ತಡವಾಗಿ ಗೊತ್ತಾದರೆ ಡೆಫಿನಿಷನ್ನಿನ ಟೈಪನ್ನೇ ಬದಲಿಸಬೇಡಿ. ಹೊಸ ಕೋಡಿನಲ್ಲಿ ಹೊಸ ಡೆಫಿನಿಷನ್ ಮಾಡಿ. ಹಳೆಯ ಪಠ್ಯ ಬೆಲೆಗಳಲ್ಲಿ ಸಂಖ್ಯೆಯಾಗದವನ್ನು ಮೊದಲು ರೆಗ್ಯುಲರ್ ಎಕ್ಸ್‌ಪ್ರೆಷನ್ ಇಟ್ಟು ಹೊರಗೆ ತೆಗೆಯಿರಿ: '1,25,000', '0.75%', 'ಎನ್‌ಎ', ಖಾಲಿ ಸ್ಪೇಸ್ ಇಂಥವೇ ಸಿಗುತ್ತವೆ. ಅಲ್ಪವಿರಾಮ ತೆಗೆಯುವುದು ಯಂತ್ರದ ಕೆಲಸ, 'ಎನ್‌ಎ' ಎಂದರೆ ಏನೆಂದು ಕೇಳುವುದು ಮನುಷ್ಯರ ಕೆಲಸ. ಬಿಗಿನ್ ಕೊಟ್ಟು ನಕಲು ಮಾಡಿ, ಹಳೆಯ ಸಾಲುಗಳ ಲೆಕ್ಕ ಹೊಸ ಸಾಲು ಮತ್ತು ಹೊರಗಿಟ್ಟ ಸಾಲುಗಳ ಮೊತ್ತಕ್ಕೆ ಸಮವಾದರೆ ಮಾತ್ರ ಕಮಿಟ್, ಒಂದು ಸಾಲು ಹೆಚ್ಚು ಕಡಿಮೆ ಇದ್ದರೂ ರೋಲ್‌ಬ್ಯಾಕ್. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ರಚನೆ ಬದಲಿಸಿದ್ದೂ ರೋಲ್‌ಬ್ಯಾಕ್ ಆಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್ ಕೊಟ್ಟ ಕ್ಷಣ ಅಲ್ಲಿವರೆಗಿನದ್ದು ತಾನಾಗಿ ಕಮಿಟ್ ಆಗುತ್ತದೆ. ರಿಪೋರ್ಟುಗಳೆಲ್ಲ ಹೊಸ ಕೋಡಿಗೆ ಬಂದ ಮೇಲೆ ಹಳೆಯದರ ಸ್ಥಿತಿ 'ಮುಚ್ಚಿದೆ'. ಡಿಲೀಟ್ ಬೇಡ. ಫಾರಿನ್ ಕೀಯಲ್ಲಿ ಕ್ಯಾಸ್ಕೇಡ್ ಇಟ್ಟಿದ್ದರೆ ಈಗಲೇ ರಿಸ್ಟ್ರಿಕ್ಟ್ ಮಾಡಿ. ಒಂದು ಡೆಫಿನಿಷನ್ ಅಳಿಸಿದರೆ ಅದರ ಸಾವಿರ ಬೆಲೆಗಳೂ ಹೋಗುವಂತೆ ಯಾರೂ ಬಯಸುವುದಿಲ್ಲ.

ಯಾರೂ ಬಳಸದ ಡೆಫಿನಿಷನ್‌ಗಳನ್ನು ಹುಡುಕುವಾಗ ನಾಟ್ ಇನ್ ಬೇಡ. ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದ್ದರೂ ಉತ್ತರ ಖಾಲಿ ಬರುತ್ತದೆ, 'ಎಲ್ಲವೂ ಬಳಕೆಯಲ್ಲಿದೆ' ಎಂದು ನಂಬಿ ಏಳುತ್ತೇವೆ. ನಾಟ್ ಎಕ್ಸಿಸ್ಟ್ಸ್ ಬಳಸಿ. ಹೊಸ ಡೆಫಿನಿಷನ್ ಹಾಕುವ ಅನುಮತಿ ಕಚೇರಿಯಲ್ಲಿ ಇಬ್ಬರಿಗೆ ಸಾಕು, ರಿಪೋರ್ಟಿನ ಲಾಗಿನ್‌ಗೆ ಸೆಲೆಕ್ಟ್ ಮಾತ್ರ.

ತಿಂಗಳ ಕೊನೆಗೆ ಓಡಿಸಲೇಬೇಕಾದ ಕ್ವೆರಿ ಒಂದಿದೆ. ನಿವಾಸ 'ಎನ್‌ಆರ್‌ಐ', 'ವರೆಗೆ' ನಲ್, ರದ್ದಾದ ಸಮಯವೂ ನಲ್, ದಾಖಲಾದ ಸಮಯಕ್ಕೆ 12 ತಿಂಗಳು ಮೀರಿದೆ: ಇಂಥ ಸಾಲುಗಳ ಪಟ್ಟಿ. ಬಂದಷ್ಟು ಹೆಸರಿಗೆ ಅಷ್ಟು ಫೋನ್. ಕೇಳಬೇಕಾದ್ದು ಹೀಗೆ: 'ಅಮ್ಮಾ, ಮಗ ರಜೆಗೆ ಬಂದದ್ದೋ, ಬಿಟ್ಟೇ ಬಂದದ್ದೋ?' ಇನ್ನೂ ಅಲ್ಲೇ ಇದ್ದಾರೆ ಎಂದರೆ ಹಳೆಯ ಸಾಲು ರದ್ದು, ಅದೇ ಬೆಲೆ ಅದೇ 'ಇಂದ' ತಾರೀಕಿನಲ್ಲಿ ಮತ್ತೆ. ದಾಖಲಾದ ಸಮಯ ಹೊಸದಾಗಿ, ಇನ್ನು 12 ತಿಂಗಳು ಆ ಹೆಸರು ಪಟ್ಟಿಗೆ ಬಾರದು. ಬಿಟ್ಟೇ ಬಂದದ್ದಾದರೆ ಯಾವ ತಾರೀಕಿಗೆ ಎಂದು ಕೇಳಿ ಬರೆದುಕೊಳ್ಳಿ, ನಂತರ ಒಂದು ರದ್ದು, ಎರಡು ಇನ್ಸರ್ಟ್. ಎನ್‌ಆರ್‌ಇ ಖಾತೆ ಬದಲಿಸುವುದು, ಕೆವೈಸಿ ತಿದ್ದಿಸುವುದು ಅವರು ಮಾಡಬೇಕಾದ ಬೇರೆ ಕೆಲಸ. ಅದೇ ಫೋನಿನಲ್ಲಿ ಹೇಳಿಬಿಡಿ.